ಗ್ರಂಥಪಾಲಕರಾಗಲು ಏನು ಓದಬೇಕು?

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ದಾವಣಗೆರೆ ಮತ್ತು ಹರಿಹರದ ನಡುವೆ ಓಡಾಡುವ ಬಸ್ಸು ಹತ್ತಿದರೆ ಕಿವಿಗೆ ಬೀಳುವುದು ಒಂದೇ ಮಾತು: 'ಮುಂದೇನು?' ಬಿ.ಎಡ್. ಮಾಡುತ್ತೇನೆ ಎನ್ನುವವರು ಒಬ್ಬರಾದರೆ, ಎಂ.ಕಾಂ. ಎನ್ನುವವರು ಇನ್ನೊಬ್ಬರು. ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ ಎನ್ನುವವರು ಮತ್ತೊಬ್ಬರು. ಈ ಪಟ್ಟಿಯಲ್ಲಿ ಗ್ರಂಥಾಲಯ ವಿಜ್ಞಾನದ ಹೆಸರು ಬರುವುದು ಅಪರೂಪ. ಬಂದರೂ ಮನೆಯಲ್ಲಿ ಹಿರಿಯರಿಂದ ಎದುರಾಗುವ ಪ್ರಶ್ನೆ ಸಿದ್ಧವಾಗಿರುತ್ತದೆ: 'ಪುಸ್ತಕ ಕೊಡೋದು, ತಗೊಳ್ಳೋದು. ಅದಕ್ಕೂ ಎರಡು ವರ್ಷ ಓದ್ಬೇಕೇನವ್ವಾ?'

ಪ್ರಶ್ನೆ ಅನ್ಯಾಯದ್ದೇನಲ್ಲ. ಎರಡು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು, ಮೇಲಾಗಿ ಮಗನೋ ಮಗಳೋ ದುಡಿಯಬಹುದಾಗಿದ್ದ ಎರಡು ವರ್ಷಗಳ ಸಂಪಾದನೆ, ಎಲ್ಲವನ್ನೂ ಲೆಕ್ಕ ಹಾಕಿಯೇ ತಂದೆ-ತಾಯಿ ಒಪ್ಪಿಗೆ ಕೊಡಬೇಕು. ಆದ್ದರಿಂದ ಈ ಪದವಿ ಏನನ್ನು ಕೇಳುತ್ತದೆ, ಏನನ್ನು ಕಲಿಸುತ್ತದೆ, ಕೊನೆಗೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ತಿಳಿದಿರುವುದು ಒಳ್ಳೆಯದು.

ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ಇಂದು ಕಾಲೇಜುಗಳ ಊರು. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಡಿ.ಆರ್.ಎಂ. ವಿಜ್ಞಾನ ಕಾಲೇಜು, ಎ.ಆರ್.ಜಿ. ಕಲಾ ಮತ್ತು ವಾಣಿಜ್ಯ ಕಾಲೇಜು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ರೂಪುಗೊಂಡ ದಾವಣಗೆರೆ ವಿಶ್ವವಿದ್ಯಾಲಯ. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದಲ್ಲಿ ಎಸ್.ಜೆ.ವಿ.ಪಿ. ಕಾಲೇಜು. ಪಟ್ಟಿ ಇನ್ನೂ ಬೆಳೆಯುತ್ತದೆ. ಇವುಗಳಲ್ಲಿ ಯಾವುದೂ ಗ್ರಂಥಾಲಯವಿಲ್ಲದೆ ನಡೆಯುವಂತಿಲ್ಲ. ನ್ಯಾಕ್ ಸಮಿತಿ ಕಾಲೇಜಿನ ಗುಣಮಟ್ಟ ಅಳೆಯಲು ಬಂದಾಗ ಗ್ರಂಥಾಲಯವನ್ನೂ ನೋಡಿ ಅಂಕ ಕೊಡುತ್ತದೆ. ಇಷ್ಟಾದರೂ ಕೌಂಟರಿನ ಆಚೆ ಕುಳಿತವರು ಏನು ಓದಿ ಅಲ್ಲಿಗೆ ಬಂದರು ಎಂದು ಕೇಳಿದ ವಿದ್ಯಾರ್ಥಿಗಳು ಎಷ್ಟು ಮಂದಿ?

ಪದವಿಯ ಸ್ವರೂಪ

ಹಿಂದೆ ಇದನ್ನು ಬರೀ 'ಗ್ರಂಥಾಲಯ ವಿಜ್ಞಾನ' ಎನ್ನುತ್ತಿದ್ದರು. ಈಗ 'ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ' ಎಂದಾಗಿದೆ. ಓದಲು ಎರಡು ದಾರಿಗಳಿವೆ. ಮೊದಲನೆಯದು ಹಳೆಯ ದಾರಿ: ಯಾವುದಾದರೂ ಪದವಿಯ ಬಳಿಕ ಒಂದು ವರ್ಷದ ಬಿ.ಲಿಬ್., ಅದರ ಮೇಲೆ ಮತ್ತೊಂದು ವರ್ಷದ ಎಂ.ಲಿಬ್. ಎರಡನೆಯದು ಪದವಿಯಿಂದ ನೇರವಾಗಿ ಸೇರಬಹುದಾದ ಎರಡು ವರ್ಷದ, ನಾಲ್ಕು ಸೆಮಿಸ್ಟರುಗಳ ಸ್ನಾತಕೋತ್ತರ ಪದವಿ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಈ ಎರಡನೆಯ ಕ್ರಮವೇ ಈಗ ಹೆಚ್ಚು ರೂಢಿಯಲ್ಲಿದೆ.

ಈ ವ್ಯತ್ಯಾಸ ಗೊತ್ತಿಲ್ಲದೆ ತೊಂದರೆಗೆ ಸಿಕ್ಕುವುದುಂಟು. ಒಂದು ವರ್ಷದ ಎಂ.ಲಿಬ್.ಗೆ ಅರ್ಜಿ ಹಾಕಲು ಬಿ.ಲಿಬ್. ಕಡ್ಡಾಯ. ಬರೀ ಬಿ.ಎ. ಅಥವಾ ಬಿ.ಎಸ್ಸಿ. ಆದವರು ಎರಡು ವರ್ಷದ ಕೋರ್ಸನ್ನೇ ಆರಿಸಿಕೊಳ್ಳಬೇಕು, ಇಲ್ಲವೇ ಬಿ.ಲಿಬ್. ಮುಗಿಸಿಕೊಂಡು ಬರಬೇಕು. ಬಿ.ಲಿಬ್. ಒಂದೇ ಮಾಡಿ ನಿಂತವರಿಗೆ ಶಾಲಾ ಗ್ರಂಥಾಲಯಗಳ ಬಾಗಿಲು ತೆರೆಯುತ್ತದೆ. ಪದವಿ ಕಾಲೇಜಿನ ಗ್ರಂಥಪಾಲಕ ಹುದ್ದೆಗೆ ಅದು ಸಾಲದು.

ಯಾರು ಸೇರಬಹುದು?

ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದ ಇಲ್ಲಿಲ್ಲ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು. ಕನಿಷ್ಠ ಅಂಕ ಎಷ್ಟಿರಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯ ನಿಗದಿಪಡಿಸುತ್ತದೆ. ಮೀಸಲಾತಿ ವರ್ಗದವರಿಗೆ ರಿಯಾಯಿತಿಯೂ ಇರುತ್ತದೆ. ಕನ್ನಡ ಐಚ್ಛಿಕವಾಗಿ ಓದಿದ ಹುಡುಗಿಯೂ ರಸಾಯನಶಾಸ್ತ್ರ ಓದಿದ ಹುಡುಗನೂ ಒಂದೇ ಬೆಂಚಿನಲ್ಲಿ ಕೂರುವ ಕೆಲವೇ ಸ್ನಾತಕೋತ್ತರ ತರಗತಿಗಳಲ್ಲಿ ಇದೂ ಒಂದು. ಓದಿದ ಹಿಂದಿನ ವಿಷಯ ವ್ಯರ್ಥವಾಗುವುದೂ ಇಲ್ಲ. ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ವಿಜ್ಞಾನ ಬಲ್ಲವರಿಗೆ ಕೆಲಸ ಸಲೀಸು. ಹಳೆಯ ಕನ್ನಡ ಗ್ರಂಥಗಳಿರುವ ಕಡೆ ಕನ್ನಡ ಓದಿದವರೇ ಬೇಕು.

ನಿಯಮಪುಸ್ತಕದಲ್ಲಿ ಬರೆಯದ ಅರ್ಹತೆಗಳೂ ಕೆಲವಿವೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬೇಕು. ಪಠ್ಯಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಮುಂದೆ ಬರೆಯಬೇಕಾದ ಎನ್.ಇ.ಟಿ. ಪರೀಕ್ಷೆಯ ಈ ವಿಷಯದ ಪ್ರಶ್ನೆಗಳೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕಂಪ್ಯೂಟರ್ ಮುಂದೆ ಕೂರಲು ಅಂಜಿಕೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಜನರೊಡನೆ ಮಾತನಾಡುವ ತಾಳ್ಮೆ ಬೇಕು. 'ಮೌನವಾಗಿ ಒಂದು ಮೂಲೆಯಲ್ಲಿ ಕೂತಿರಬಹುದು' ಎಂದುಕೊಂಡು ಈ ಓದಿಗೆ ಬರುವವರಿಗೆ ನಿರಾಶೆ ಕಾದಿದೆ.

ಹತ್ತಿ ಒಂದೇ, ಕಪಾಟು ಮೂರು

ತರಗತಿಯಲ್ಲಿ ಮೊದಲು ಕಲಿಸುವುದು ವರ್ಗೀಕರಣ. ಹೊರಗಿನವರಿಗೆ ಇದು ಸುಲಭವಾಗಿ ಕಾಣುತ್ತದೆ. ದಾವಣಗೆರೆಯವರಿಗೆ ಚೆನ್ನಾಗಿ ಪರಿಚಯವಿರುವ ಹತ್ತಿಯನ್ನೇ ನೋಡೋಣ. ಹತ್ತಿ ಬೆಳೆಯುವ ಬಗೆ ಹೇಳುವ ಪುಸ್ತಕ, ಹತ್ತಿಯಿಂದ ನೂಲು-ಬಟ್ಟೆ ಮಾಡುವ ಪುಸ್ತಕ, ಹತ್ತಿ ಗಿರಣಿ ಕಾರ್ಮಿಕರ ಸಂಘದ ಕಥೆ ಹೇಳುವ ಪುಸ್ತಕ, ಈ ಮೂರೂ ಒಂದೇ ಕಪಾಟಿನಲ್ಲಿ ಇರಬೇಕೆ? ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ ಮೊದಲನೆಯದಕ್ಕೆ 633.51, ಎರಡನೆಯದಕ್ಕೆ 677.21, ಮೂರನೆಯದಕ್ಕೆ 331.88 ಎಂಬ ಸ್ಥಾನಗಳಿವೆ. ಒಂದು ಬೇಸಾಯದ ಸಾಲಿನಲ್ಲಿ, ಇನ್ನೊಂದು ಕೈಗಾರಿಕೆಯ ಸಾಲಿನಲ್ಲಿ, ಮತ್ತೊಂದು ಸಮಾಜಶಾಸ್ತ್ರಗಳ ಸಾಲಿನಲ್ಲಿ ಕೂರುತ್ತದೆ. ಹೆಸರು ನೋಡಿ ಮೂರನ್ನೂ ಒಟ್ಟಿಗೆ ತುರುಕಿದರೆ ರೈತನಿಗೂ ಸಿಗದು, ಇತಿಹಾಸದ ವಿದ್ಯಾರ್ಥಿಗೂ ಸಿಗದು. ಹರಿಹರೇಶ್ವರ ದೇವಾಲಯದ ಮೇಲಿನ ಪುಸ್ತಕವೂ ಹೀಗೆಯೇ. ಅದು ಕಟ್ಟಡದ ಶಿಲ್ಪವನ್ನು ಹೇಳಿದರೆ 726ರ ಬಳಿ, ನಾಡಿನ ಇತಿಹಾಸವನ್ನು ಹೇಳಿದರೆ 954.87ರ ಬಳಿ. ಯಾವುದು ಎಂದು ತೀರ್ಮಾನಿಸಲು ಪುಸ್ತಕ ತೆರೆದು ನೋಡಬೇಕು, ಅದರ ತಿರುಳನ್ನು ಹಿಡಿಯಬೇಕು.

ಎರಡನೆಯದು ಸೂಚೀಕರಣ. ಒಬ್ಬ ವಿದ್ಯಾರ್ಥಿ 'ಕುವೆಂಪು' ಎಂದು ಹುಡುಕುತ್ತಾನೆ, ಇನ್ನೊಬ್ಬ 'ಕೆ.ವಿ. ಪುಟ್ಟಪ್ಪ' ಎಂದು ಹುಡುಕುತ್ತಾನೆ. ಇಬ್ಬರಿಗೂ ಅದೇ ಪುಸ್ತಕಗಳು ಸಿಗುವಂತೆ ಹೆಸರುಗಳನ್ನು ಬೆಸೆಯುವುದು ಸೂಚಿಕಾರನ ಕೆಲಸ. ದಾವಣಗೆರೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ 'ಎ' ಅಕ್ಷರವನ್ನು ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಮನುಷ್ಯನಿಗೆ ಎರಡೂ ಒಂದೇ ಊರು. ಹೇಳಿಕೊಡದಿದ್ದರೆ ಕಂಪ್ಯೂಟರಿಗೆ ಎರಡು ಊರು! ಒಂದು ಕಾಗುಣಿತದಲ್ಲಿ ಹುಡುಕಿದವರಿಗೆ ಇನ್ನೊಂದರಲ್ಲಿ ದಾಖಲಾದ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ. ಇಂಥ ತೊಡಕುಗಳನ್ನು ನಿವಾರಿಸುವ ಅಂತರರಾಷ್ಟ್ರೀಯ ನಿಯಮಗಳನ್ನು ಕಲಿತು, ಕೈಯಿಂದ ಮಾಡಿ ಅಭ್ಯಾಸ ಮಾಡಬೇಕಾಗುತ್ತದೆ.

ಇವುಗಳ ಜೊತೆಗೆ ಆಕರ ಗ್ರಂಥಗಳ ಪರಿಚಯ, ಓದುಗರ ಪ್ರಶ್ನೆಗೆ ಉತ್ತರಿಸುವ ಕ್ರಮ, ಗ್ರಂಥಾಲಯದ ಆಡಳಿತ ಮತ್ತು ಆಯವ್ಯಯ, ಪುಸ್ತಕ ಮತ್ತು ಹಸ್ತಪ್ರತಿಗಳ ಸಂರಕ್ಷಣೆ, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರದ ಮೂಲಪಾಠಗಳು ಇರುತ್ತವೆ. ಕಂಪ್ಯೂಟರಿನ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಗ್ರಂಥಾಲಯದ ವ್ಯವಹಾರವನ್ನೆಲ್ಲ ನಡೆಸುವ 'ಕೋಹಾ', ರಾಷ್ಟ್ರೀಯ ಮಾಹಿತಿ ಕೇಂದ್ರದ 'ಇ-ಗ್ರಂಥಾಲಯ', ಇನ್‌ಫ್ಲಿಬ್‌ನೆಟ್ ಸಂಸ್ಥೆಯ 'ಸೋಲ್' ಮೊದಲಾದ ತಂತ್ರಾಂಶಗಳನ್ನು ಬಳಸಲು ಬರಬೇಕು. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಒಂದೆಡೆ ಇಟ್ಟಿರುವ 'ಶೋಧಗಂಗಾ'ದಲ್ಲಿ ಹುಡುಕುವ ಬಗೆಯನ್ನು ಸಂಶೋಧಕರಿಗೆ ಹೇಳಿಕೊಡುವವರು ಗ್ರಂಥಪಾಲಕರೇ. ಕೊನೆಯ ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಒಂದು ಕಿರು ಸಂಶೋಧನಾ ಪ್ರಬಂಧ ಬರೆಯಬೇಕು.

ಒಲ್ಲದ ಮನಸ್ಸಿನಿಂದ ಬಂದವರು

ಈ ವಿದ್ಯೆಯ ಗುರಿ ಏನೆಂದು ತಿಳಿಯಲು ಎಸ್.ಆರ್. ರಂಗನಾಥನ್ ಅವರನ್ನು ನೆನೆಯಬೇಕು. ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಅವರು ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಹಿಡಿಸಲೇ ಇಲ್ಲ. ಪಾಠ ಕೇಳುವ ಹುಡುಗರಿಲ್ಲದ ಆ ಮೌನಕ್ಕೆ ಬೇಸತ್ತು, ಮತ್ತೆ ಕಾಲೇಜಿಗೇ ಕರೆಸಿಕೊಳ್ಳಿ ಎಂದು ಪ್ರಾಂಶುಪಾಲರನ್ನು ಕೇಳಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಉತ್ತರ ಬಂತು. ಲಂಡನ್ನಿನಲ್ಲಿ ಓದುತ್ತಾ, ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿದ ಮೇಲೆ ಅವರ ಮನಸ್ಸು ತಿರುಗಿತು. ಅಲ್ಲಿನ ಅಂಗಡಿಯೊಂದರಲ್ಲಿ ಬಿಡಿ ತುಂಡುಗಳನ್ನು ಜೋಡಿಸಿ ಬೇಕಾದ ಆಟಿಕೆ ಮಾಡುವ ಮೆಕಾನೋ ಪೆಟ್ಟಿಗೆ ನೋಡಿದಾಗ, ವಿಷಯಗಳನ್ನೂ ಹೀಗೆಯೇ ಬಿಡಿ ಅಂಶಗಳಿಂದ ಜೋಡಿಸಬಹುದಲ್ಲ ಎಂದು ಹೊಳೆಯಿತು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದ ಬೀಜ ಅಲ್ಲಿದೆ.

ಅದಕ್ಕೆ ಎರಡು ವರ್ಷ ಮೊದಲು, 1931ರಲ್ಲಿ, ಅವರು ಗ್ರಂಥಾಲಯದ ಐದು ಸೂತ್ರಗಳನ್ನು ಮುಂದಿಟ್ಟರು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಸಬೇಕು, ಗ್ರಂಥಾಲಯ ಬೆಳೆಯುವ ಜೀವಿ. ಈ ಐದರ ಸಾರವನ್ನು ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ಒಂದು ದಿನದಲ್ಲಿ ಬಾಯಿಪಾಠ ಮಾಡಬಹುದು. ಪಾಲಿಸಲು ಮಾತ್ರ ಇಡೀ ವೃತ್ತಿಜೀವನ ಬೇಕು. ಪುಸ್ತಕ ಕಳೆದೀತೆಂದು ಬೀರುವಿಗೆ ಬೀಗ ಹಾಕಿಡುವ ಗ್ರಂಥಾಲಯ ಮೊದಲ ಸೂತ್ರದಲ್ಲೇ ಅನುತ್ತೀರ್ಣ.

ರಂಗನಾಥನ್ ಅವರ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಅಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿ.ಆರ್.ಟಿ.ಸಿ., ಇಂದಿಗೂ ನಡೆಯುತ್ತಿದೆ. 1972ರಲ್ಲಿ ಅವರು ನಿಧನರಾದರು. ಅವರ ಹುಟ್ಟುಹಬ್ಬದ ನೆನಪಿಗೆ ಆಗಸ್ಟ್ 12ರಂದು ರಾಷ್ಟ್ರೀಯ ಗ್ರಂಥಪಾಲಕರ ದಿನ ಆಚರಿಸಲಾಗುತ್ತದೆ.

ಎಲ್ಲಿ ಓದುವುದು?

ದಾವಣಗೆರೆ ಕಡೆಯವರಿಗೆ ಹತ್ತಿರದ ಹೆಸರಾಂತ ವಿಭಾಗವೆಂದರೆ ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ್ದು. ಹರಿಹರದಿಂದ ರೈಲಿನಲ್ಲಿ ನೇರವಾಗಿ ಹೋಗಬಹುದಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇನ್ನೊಂದು. ಮೈಸೂರು, ಬೆಂಗಳೂರು, ಮಂಗಳೂರು, ತುಮಕೂರು ವಿಶ್ವವಿದ್ಯಾಲಯಗಳಲ್ಲೂ ಈ ವಿಭಾಗವಿದೆ. ಇವು ಯಾವುವೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಸಮೀಪವಿಲ್ಲವಾದ್ದರಿಂದ ಹಾಸ್ಟೆಲ್ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಬೇಕು. ಡಿ.ಆರ್.ಟಿ.ಸಿ.ಯ ಎರಡು ವರ್ಷದ ಪದವಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಯಿದೆ. ಸ್ಥಾನಗಳು ಕಡಿಮೆ. ಆದರೆ ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಗಣಿತ, ಕಂಪ್ಯೂಟರ್‌ಗಳಲ್ಲಿ ಒಲವಿರುವವರು ಪ್ರಯತ್ನಿಸಬೇಕಾದ ಜಾಗವಿದು.

ಮನೆ ಬಿಟ್ಟು ಹೋಗಲಾಗದವರಿಗೆ, ಈಗಾಗಲೇ ಕೆಲಸದಲ್ಲಿರುವವರಿಗೆ ದೂರಶಿಕ್ಷಣವಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಈ ಪದವಿಗಳನ್ನು ನೀಡುತ್ತ ಬಂದಿವೆ. ಮೊದಲನೆಯದರ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ದೊರೆಯಿತು. ನಡುವಿನ ವರ್ಷಗಳಲ್ಲಿ ಓದಿದವರು ಪದವಿಯ ಸಿಂಧುತ್ವಕ್ಕಾಗಿ ಅಲೆಯಬೇಕಾಯಿತು. ಯಾವ ವಿಶ್ವವಿದ್ಯಾಲಯವೇ ಆಗಲಿ, ತಾವು ಸೇರುವ ವರ್ಷಕ್ಕೆ, ತಾವು ಸೇರುವ ಕೋರ್ಸಿಗೆ ಯು.ಜಿ.ಸಿ.ಯ ದೂರಶಿಕ್ಷಣ ಮಂಡಳಿಯ ಅನುಮತಿ ಇದೆಯೇ ಎಂದು ನೋಡಿಯೇ ಹಣ ಕಟ್ಟಬೇಕು. ಊರಿನ ಯಾವುದೋ ಏಜೆಂಟರ ಮಾತು ಇದಕ್ಕೆ ಆಧಾರವಲ್ಲ.

ಕೆಲಸ ಸಿಗುವುದೇ?

ಪೋಷಕರ ನಿಜವಾದ ಪ್ರಶ್ನೆ ಇದು. ಉತ್ತರದಲ್ಲಿ ಸಿಹಿಯೂ ಇದೆ, ಕಹಿಯೂ ಇದೆ.

ಸಿಹಿ ಏನೆಂದರೆ, ಯು.ಜಿ.ಸಿ. ವೇತನ ಶ್ರೇಣಿಯಲ್ಲಿ ಕಾಲೇಜು ಗ್ರಂಥಪಾಲಕರಿಗೆ ಸಹಾಯಕ ಪ್ರಾಧ್ಯಾಪಕರ ಸಮಾನ ಸ್ಥಾನವಿದೆ. ಯು.ಜಿ.ಸಿ.ಯ 2018ರ ನಿಯಮಾವಳಿಯ ಪ್ರಕಾರ ಈ ಹುದ್ದೆಗೆ ಶೇ 55 ಅಂಕಗಳೊಡನೆ ಸ್ನಾತಕೋತ್ತರ ಪದವಿ, ಜೊತೆಗೆ ಎನ್.ಇ.ಟಿ. ಅಥವಾ ರಾಜ್ಯದ ಕೆ-ಸೆಟ್ ತೇರ್ಗಡೆ ಬೇಕು. ನಿಯಮಾನುಸಾರ ಪಿಎಚ್.ಡಿ. ಪಡೆದವರಿಗೆ ಈ ಪರೀಕ್ಷೆಗಳಿಂದ ವಿನಾಯಿತಿಯುಂಟು. ಏಳನೆಯ ವೇತನ ಆಯೋಗದ ಪ್ರಕಾರ ಈ ಶ್ರೇಣಿಯ ಆರಂಭಿಕ ಮೂಲವೇತನ 57,700 ರೂಪಾಯಿ. ಎನ್.ಇ.ಟಿ.ಯಲ್ಲಿ ಕಿರಿಯ ಸಂಶೋಧಕ ಫೆಲೋಷಿಪ್ ಗಳಿಸಿದವರಿಗೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ ಎಂದು 2023ರಲ್ಲಿ ನಿಗದಿಯಾಗಿದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಬಿ.ಲಿಬ್. ಆದವರಿಗೂ ಗ್ರಂಥಪಾಲಕ ಹುದ್ದೆಗಳಿವೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯಂತೂ ಇದ್ದೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಲ ಪಡೆದ ಈ ವ್ಯವಸ್ಥೆಗೆ, ಮನೆಗಳ ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರವೇ ಆಧಾರ. ದಾವಣಗೆರೆಯ ನಗರ ಕೇಂದ್ರ ಗ್ರಂಥಾಲಯಕ್ಕೆ ಕಾಲಿಡದವರೂ ಅದರ ಖರ್ಚಿಗೆ ಪಾಲು ಕೊಡುತ್ತಿದ್ದಾರೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಕಹಿಯನ್ನೂ ಹೇಳಲೇಬೇಕು. ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು ನಾಲ್ವರಿದ್ದರೆ ಗ್ರಂಥಪಾಲಕರು ಒಬ್ಬರೇ. ಹೀಗಾಗಿ ಹುದ್ದೆಗಳ ಒಟ್ಟು ಸಂಖ್ಯೆಯೇ ಕಡಿಮೆ. ಸರ್ಕಾರಿ ನೇಮಕಾತಿ ಪ್ರಕಟಣೆಗಳ ನಡುವೆ ವರ್ಷಗಳು ಉರುಳಬಹುದು. ನಿವೃತ್ತರಾದವರ ಜಾಗವನ್ನು ಗುತ್ತಿಗೆಯವರಿಂದಲೋ, ಹೊಣೆ ಹೊತ್ತ ಬೇರೊಬ್ಬ ನೌಕರರಿಂದಲೋ ತುಂಬಿಸುವುದುಂಟು. ಖಾಸಗಿ ಸಂಸ್ಥೆಗಳಲ್ಲಿ ಆರಂಭದ ಸಂಬಳ ಯು.ಜಿ.ಸಿ. ಶ್ರೇಣಿಯ ಹತ್ತಿರಕ್ಕೂ ಬಾರದಿರಬಹುದು. ಗ್ರಾಮ ಪಂಚಾಯಿತಿಗಳ 5,000ಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ 'ಅರಿವು ಕೇಂದ್ರ'ಗಳಾದವು. ಆದರೆ ಅಲ್ಲಿನ ಮೇಲ್ವಿಚಾರಕರ ಹುದ್ದೆಗೆ ಸ್ನಾತಕೋತ್ತರ ಪದವಿ ಕೇಳುವುದಿಲ್ಲ, ವೇತನವೂ ಅಷ್ಟಕ್ಕಷ್ಟೆ. ಎರಡು ವರ್ಷ ಓದಿದವರು ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಆದ್ದರಿಂದ ಸೇರುವವರು ಮೊದಲ ದಿನದಿಂದಲೇ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಒಂದು, ಶೇ 55ರ ಗಡಿ. ಮೀಸಲಾತಿ ವರ್ಗದವರಿಗೆ ಇದು ಶೇ 50. ಗಡಿಯ ಕೆಳಗೆ ನಿಂತರೆ ಪದವಿ ಕೈಗೆ ಬಂದರೂ ಕಾಲೇಜು ಹುದ್ದೆಯ ಬಾಗಿಲು ಮುಚ್ಚಿದಂತೆಯೇ. ಎರಡು, ಎನ್.ಇ.ಟಿ. ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ನಡೆಯುವ ಈ ಪರೀಕ್ಷೆಗೆ ಅಂತಿಮ ವರ್ಷದಲ್ಲಿರುವಾಗಲೇ ಕೂರಬಹುದು. ಓದು ಮುಗಿಸಿ ಮನೆಗೆ ಬಂದ ಮೇಲೆ ತಯಾರಿ ಆರಂಭಿಸಿದರೆ ವರ್ಷಗಳು ಕೈಜಾರುತ್ತವೆ. ಮೂರು, ಕಂಪ್ಯೂಟರ್ ಕೌಶಲ. ಕೋಹಾದಂಥ ಮುಕ್ತ ತಂತ್ರಾಂಶವನ್ನು ಹಣ ಕೊಡದೆ ಪಡೆದು ಮನೆಯಲ್ಲೇ ಅಭ್ಯಾಸ ಮಾಡಬಹುದು. ಸರ್ಕಾರಿ ಹುದ್ದೆ ತಡವಾದರೂ ಈ ಕೌಶಲವಿದ್ದವರಿಗೆ ಖಾಸಗಿ ಕಾಲೇಜು, ಸಂಶೋಧನಾ ಸಂಸ್ಥೆ, ಪತ್ರಿಕಾ ಕಚೇರಿಗಳ ದಾಖಲೆ ವಿಭಾಗ, ಪ್ರಕಾಶನ ಸಂಸ್ಥೆಗಳಲ್ಲಿ ಕೇಳುವವರಿರುತ್ತಾರೆ.

ಒಂದು ವಾರದ ಪರೀಕ್ಷೆ

ಅರ್ಜಿ ತುಂಬುವ ಮೊದಲು ಮಾಡಬಹುದಾದ, ಖರ್ಚಿಲ್ಲದ ಒಂದು ಕೆಲಸವಿದೆ. ತಾವು ಓದಿದ ಕಾಲೇಜಿನ ಗ್ರಂಥಾಲಯಕ್ಕೋ, ನಗರ ಕೇಂದ್ರ ಗ್ರಂಥಾಲಯಕ್ಕೋ ಹೋಗಿ, ಅನುಮತಿ ಕೇಳಿ, ಒಂದು ವಾರ ದಿನಕ್ಕೆ ಎರಡು ತಾಸು ಕೂರುವುದು. ಬೆಳಿಗ್ಗೆ ಪತ್ರಿಕೆ ಓದಲು ಬರುವ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಮನೆಯಲ್ಲಿ ಜಾಗವಿಲ್ಲದೆ ಬರುವ ಹುಡುಗ-ಹುಡುಗಿಯರು, ಪುಸ್ತಕದ ಹೆಸರು ಮರೆತು 'ಅದೇ ಸಾರ್, ಕೆಂಪು ರಟ್ಟಿನದು' ಎನ್ನುವ ವಿದ್ಯಾರ್ಥಿ, ಇವರೆಲ್ಲರ ನಡುವೆ ಗ್ರಂಥಪಾಲಕರು ಏನು ಮಾಡುತ್ತಾರೆಂದು ನೋಡುವುದು. ಬಿಡುವಿದ್ದಾಗ ಅವರ ಬಳಿ ನೇರವಾಗಿ ಮಾತನಾಡುವುದು: ಎಲ್ಲಿ ಓದಿದಿರಿ, ಎಷ್ಟು ವರ್ಷಕ್ಕೆ ಕೆಲಸ ಸಿಕ್ಕಿತು, ಮತ್ತೆ ಅವಕಾಶ ಸಿಕ್ಕರೆ ಇದನ್ನೇ ಆರಿಸಿಕೊಳ್ಳುತ್ತೀರಾ? ಸಾಧ್ಯವಾದರೆ ತಂದೆಯೋ ತಾಯಿಯೋ ಒಂದು ದಿನ ಜೊತೆಗೆ ಹೋಗುವುದು ಇನ್ನೂ ಒಳ್ಳೆಯದು.

ಕೆಂಪು ರಟ್ಟಿನ ಪುಸ್ತಕ ಕೇಳಿದ ಹುಡುಗನಿಗೆ ನಾಲ್ಕು ಪ್ರಶ್ನೆ ಹಾಕಿ, ಅವನಿಗೆ ಬೇಕಾಗಿದ್ದನ್ನು ಐದು ನಿಮಿಷದಲ್ಲಿ ತಂದುಕೊಟ್ಟಾಗ ಅವನ ಮುಖ ಅರಳುವುದನ್ನು ಕಂಡು ಖುಷಿಪಡುವವರಿಗೆ ಈ ಓದು ಹಿಡಿಸೀತು. ಅಂಥವರು ಮನೆಯ ಹಿರಿಯರ ಆ ಹಳೆಯ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಾರು: ಪುಸ್ತಕ ಕೊಡಲು, ತೆಗೆದುಕೊಳ್ಳಲು ಎರಡು ವರ್ಷ ಬೇಕಿಲ್ಲ, ಯಾರಿಗೆ ಯಾವ ಪುಸ್ತಕ ಬೇಕೆಂದು ಅರಿಯಲು ಬೇಕು.